ಹೋಗದೇ ಕುಳಿತ ಮೂರು ಪತ್ರಗಳು

ಅಣ್ಣನ ಬಲಗೈ ತೋರುಬೆರಳು ಕೊನೆಯ ಗೆಣ್ಣಿನಲ್ಲಿ ಎಡಕ್ಕೆ ಬಾಗಿತ್ತು. ಕಾಲುವೆಯ ಗೇಟು ತಿರುಗಿಸುವಾಗ ಒಮ್ಮೆ ಹಿಡಿಕೆ ಜಾರಿ ಬಡಿದದ್ದು. ಅದೇ ಬೆರಳಿನಿಂದ ಕಂಪ್ಯೂಟರ್ ಒತ್ತುತ್ತಿದ್ದ. ಬೇಕಾದ ಅಕ್ಷರ ಬಿಟ್ಟು ಪಕ್ಕದ್ದು ಬೀಳುತ್ತಿತ್ತು. "ಮತ್ತ ತಪ್ಪಿತು ನೋಡು" ಎಂದು ನಕ್ಕು, ಅಳಿಸಿ, ಮತ್ತೆ ಒತ್ತುತ್ತಿದ್ದ.

ಕೃಷ್ಣೆಯ ನೀರು ನಮ್ಮ ಕಡೆಯ ಹೊಲಗಳಿಗೆ ಬಂದಾಗಿನಿಂದ ಅವನು ಕಾಲುವೆಯ ಕೆಲಸದಲ್ಲೇ ಇದ್ದ. ನಿವೃತ್ತನಾದ ಮೇಲೆ ಶಹಾಪುರದ ಮನೆಗೆ ಒಂದು ಹಳೆಯ ಕಂಪ್ಯೂಟರ್ ತಂದ. ಗಂಡ ತೀರಿದ ಮೇಲೆ ನಾನೂ ಅಲ್ಲೇ ಇದ್ದೆ. ಯಾರು ಏನು ತೊಂದರೆ ಹೇಳಿಕೊಂಡರೂ ಅವನದು ಒಂದೇ ಮಾತು: "ಕೊನಿ ಹೊಲಕ್ಕ ನೀರು ಮುಟ್ಟಲಿಲ್ಲಂದ್ರ ಬೈಕೋಂತ ಕೂಡಬ್ಯಾಡ್ರಿ, ಕಾಲುವಿಗುಂಟ ನಡೀರಿ, ಎಲ್ಲಿ ಕಟ್ಟೇತಿ ನೋಡ್ರಿ."

ಅವನ ಜೊತೆ ಬಹಳ ವರ್ಷ ದುಡಿದ ಓವರ್‌ಸಿಯರ್ ಒಬ್ಬರಿದ್ದರು. ಸಗರ ಎಂಬ ಊರಿನ ಕಡೆ ಯಾರ ಹೊಲಕ್ಕೆ ಮೊದಲು ನೀರು ಬಿಡಬೇಕೆಂಬುದಕ್ಕೆ ಇಬ್ಬರೂ ಜಗಳಾಡಿ ಮಾತು ಬಿಟ್ಟಿದ್ದರು. ಆಮೇಲೆ ಅವರು ಮಗಳ ಜೊತೆ ಮಸ್ಕತ್‌ಗೆ ಹೋದರು. ಒಂದು ಮುಂಜಾನೆ ಅವರ ಇಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮದೇ ಮಾತು. ಅಣ್ಣ ಗಟ್ಟಿಯಾಗಿ ಓದಿದ: "ಆರಾಮಿಲ್ಲ. ಅವತ್ತಿನ ತಪ್ಪು ನಂದು. ಏನರ ಬರಿ."

ಅಣ್ಣ ಅಂದೇ ಉತ್ತರ ಬರೆದ, ಫೋನ್ ನಂಬರ್ ಕೇಳಿದ. ಎರಡು ದಿನ ಬಿಟ್ಟು ಮತ್ತೊಂದು ಬರೆದ. ಹತ್ತು ದಿನಕ್ಕೆ ಅವರದು ಬಂತು: "ಇನ್ನಾ ಸಿಟ್ಟು ಹೋಗಿಲ್ಲೇನು?"

ಗಾಬರಿಯಾಗಿ ಮೂರನೆಯದು ಬರೆದ. ಆಗ ನೋಡಿದರೆ ಮೂರೂ ಔಟ್‌ಬಾಕ್ಸಿನಲ್ಲೇ ಕುಳಿತಿದ್ದವು. ಪತ್ರ ಕಳಿಸಿದಾಗ ಪ್ರತಿ ಸಲ ಪರದೆಯ ಮೇಲೆ ಇಂಗ್ಲಿಷಿನ ಒಂದು ಚೌಕ ಬರುತ್ತಿತ್ತಂತೆ. "ಅದು ಓಕೆ ಅಂತಿತ್ತು, ನಾನೂ ಓಕೆ ಅಂದೆ" ಎಂದ.

ಬರುವ ಪತ್ರ ಬರುತ್ತಿತ್ತು, ಹೋಗುವುದು ಹೋಗುತ್ತಿರಲಿಲ್ಲ. ಎರಡಕ್ಕೂ ಇದ್ದದ್ದು ಒಂದೇ ಫೋನಿನ ತಂತಿ. ಇದು ಹೇಗೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆದರೆ ನನಗೆ ಗೊತ್ತಿದ್ದದ್ದು ಒಂದಿತ್ತು. ಮಸ್ಕತ್‌ನಿಂದ ಮೊದಲ ಪತ್ರ ಬರುವ ಮುಂಚೆ, ಅಣ್ಣ ಸಂತೆಗೆ ಹೋದಾಗ, ನಾನು ಕಂಪ್ಯೂಟರ್ ಮುಂದೆ ಕುಳಿತು ಅಲ್ಲಿ ಇಲ್ಲಿ ಒತ್ತಿದ್ದೆ. ಒಂದು ಚೌಕ ತೆರೆಯಿತು. ಅದರಲ್ಲಿದ್ದ ಸರಿ ಗುರುತನ್ನು ಒತ್ತಿದರೆ ಅದು ಮಾಯವಾಯಿತು. ಹೆದರಿ ಎಲ್ಲ ಮುಚ್ಚಿ ಎದ್ದೆ.

ಪತ್ರಗಳು ಹೋಗಿಲ್ಲವೆಂದು ಕಂಡ ದಿನ ಅಣ್ಣ ಕೇಳಿದ: "ತಂಗಿ, ನೀ ಏನರ ಮುಟ್ಟೀಯೇನು?"

"ನಾ ಯಾಕ ಮುಟ್ಟಲಿ? ನಾಕನೇ ಕ್ಲಾಸಿಗೇ ಶಾಲಿ ಬಿಡಿಸಿದ್ರಿ ನನ್ನ. ನಾ ಇಂಗ್ಲಿಷ್ ಕಂಡೀನೇನು?"

ಅವನ ಮುಖ ಬಾಡಿತು. ಒಬ್ಬರನ್ನೇ ಓದಿಸಲು ಆಗುತ್ತದೆಂದು ಮನೆಯಲ್ಲಿ ನನ್ನನ್ನು ಬಿಡಿಸಿ ಅವನನ್ನು ಓದಿಸಿದ್ದರು. ಆ ಮಾತೆತ್ತಿದರೆ ಅವನು ಮುಂದೆ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಎಂಟು ದಿನ ಅವನು ಕಾಲುವೆಗುಂಟ ನಡೆದಂತೆ ತಪ್ಪು ಹುಡುಕಿದ. ವಿಳಾಸವನ್ನು ಅಕ್ಷರ ಅಕ್ಷರ ನೋಡಿದ. ಫೋನಿನ ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಆ ಚೌಕದ ಇಂಗ್ಲಿಷನ್ನೆಲ್ಲ ವಹಿ ಪುಸ್ತಕದಲ್ಲಿ ಬರೆದುಕೊಂಡು ಓದಿ ಓದಿ ತಲೆ ಕೆರೆದುಕೊಂಡ. "ಅಂಗಡಿಯವರನ್ನ ಕರೀ ಅಣ್ಣಾ" ಎಂದರೆ, "ಎಷ್ಟು ಗೇಟ್ ರಿಪೇರಿ ಮಾಡೇನಿ, ಇದೇನು ಡಬ್ಬಿ!" ಎನ್ನುತ್ತಿದ್ದ.

ಒಂಬತ್ತನೆಯ ದಿನ ಕೊನೆಗೂ ಕಂಪ್ಯೂಟರ್ ಅಂಗಡಿಯವನು ಬಂದ. ಚಹಾ ಆರುವುದರೊಳಗೆ ತಪ್ಪು ಹಿಡಿದ. "ಹೋಗೋ ಪತ್ರದ ದಾರಿ ಬ್ಯಾರೆ ಇರ್ತದ್ರಿ ಕಾಕಾ. ಅಲ್ಲೂ ಹೆಸರು, ಪಾಸ್‌ವರ್ಡ್ ತೋರಸಬೇಕು. ಆ ಟಿಕ್ ಯಾರೋ ತಗದಾರ."

"ನಾನೇ ಎಲ್ಲೋ ಒತ್ತಿರಬೇಕು ಬಿಡಪಾ" ಎಂದ ಅಣ್ಣ.

ಅಂಗಡಿಯವನು ಟಿಕ್ ಹಾಕಿದ್ದೇ ಮೂರೂ ಪತ್ರಗಳು ಒಮ್ಮೆಲೇ ಹೋದವು. ಮರುದಿನ ಓವರ್‌ಸಿಯರರ ಮಗಳು ಬರೆದಳು. ಅಪ್ಪ ತೀರಿ ಐದು ದಿನವಾಯಿತು, ಶಹಾಪುರದಿಂದ ಏನಾದರೂ ಬಂತೇನು ಎಂದು ದಿನಾ ಕೇಳುತ್ತಿದ್ದರು ಎಂದು. ಅಣ್ಣ ಅದನ್ನು ನನಗೆ ಓದಿ ಹೇಳಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿದ.

ಕೆಲವು ವರ್ಷದ ಮೇಲೆ ಅವನೂ ಹಾಸಿಗೆ ಹಿಡಿದ. ನೋಡಲು ಬಂದವರ ಮುಂದೆ ಆ ಮೂರು ಪತ್ರಗಳ ಮಾತು ತೆಗೆಯುತ್ತಿದ್ದ. "ನನ್ನ ತಂಗೀನ ಶಾಲಿ ಬಿಡಿಸಬಾರದಿತ್ರಿ. ಆಕಿ ನನಗಿಂತ ಶಾಣ್ಯಾಕಿ. ಕಲಿತಿದ್ರ ತಪ್ಪು ಅವತ್ತೇ ಹಿಡೀತಿದ್ದಳು." ನಾನು ಕಾಲಬಳಿ ಕುಳಿತು ಕೇಳುತ್ತಿದ್ದೆ. ಹಾಗೆನ್ನುತ್ತಲೇ ತೀರಿಹೋದ.

ನಾನು ತೆಗೆದದ್ದು ಅದೇ ಗುರುತೋ ಬೇರೆಯದೋ, ಇಂದಿಗೂ ತಿಳಿಯದು. ಮುಟ್ಟಿದ್ದೆ ಎಂಬುದು ಮಾತ್ರ ತಿಳಿದಿತ್ತು. ಅಷ್ಟು ಹೇಳಲು ಯಾವ ಶಾಲೆಯೂ ಬೇಕಿರಲಿಲ್ಲ.