ಬಾಗಿಲು ಕೂಟ್ಟು

ತಮಿಳರ ಊರಿಗೆ ಬಂದಾಯಿತು, ಇನ್ನು ಕನ್ನಡ ಕಿವಿಗೆ ಬೀಳುವುದಿಲ್ಲ ಎಂದುಕೊಂಡು ಮಲಗಿದವನನ್ನು ಮೊದಲ ಬೆಳಗ್ಗೆ ಬೈದು ಎಬ್ಬಿಸಿದ್ದೇ ಕನ್ನಡ. "ಏನಪ್ಪಾ, ಬಾಗ್ಲು ಕೂಟ್ಟಲ್ವಾ?" ಮಾತು ನಮ್ಮದು, ರಾಗ ನಮ್ಮದಲ್ಲ.

ಬೈದವರು ಮನೆಯೊಡತಿ ಕಾಮಕ್ಕ. ಈ ಓಡೈಪಟ್ಟಿಯಲ್ಲಿ ಅವರ ಹಿರೀಕರು ನೆಲೆಸಿ ನೂರಾರು ವರ್ಷವಾಯಿತಂತೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾನು ವಿಜಯಪುರದ ತಿಕೋಟಾ ಕಡೆಯವನು. ಶಾಲೆ ಬೇಗ ಬಿಟ್ಟೆ, ದ್ರಾಕ್ಷಿ ಕತ್ತರಿ ಬಿಡಲಿಲ್ಲ. ಕಡ್ಡಿಯ ಕಣ್ಣು ನೋಡಿ ಚಾಟ್ನಿ ಮಾಡುವುದರಲ್ಲಿ ನನ್ನನ್ನು ಯಾರೂ ತಿದ್ದಬೇಕಾಗಿಲ್ಲ. ಬಳ್ಳಿ ಸವರುವ ಆ ಕೆಲಸಕ್ಕೆ ಇಲ್ಲಿ ಕವಾತ್ತು ಅನ್ನುತ್ತಾರೆ. ನಮ್ಮಲ್ಲಿ ವರ್ಷಕ್ಕೊಂದೇ ಬೆಳೆ, ಹಣ್ಣು ಇಳಿಸಿದ ಮೇಲೆ ಬಳ್ಳಿಯೂ ಉಸಿರು ಬಿಡುತ್ತದೆ. ಇಲ್ಲಿ ಒಂದು ತೋಟದಲ್ಲಿ ಹಣ್ಣು ಇಳಿಸುವಾಗಲೇ ಪಕ್ಕದ ತೋಟದಲ್ಲಿ ಹೂವು. ಕೂತವನ ಕೈಗೆ ಯಾರಾದರೂ ಕತ್ತರಿ ಕೊಟ್ಟೇ ಕೊಡುತ್ತಾರೆ.

ಬೆಳಗಿನ ಬೀದಿಗೆ ಅದಕ್ಕಿಂತ ಅವಸರ. ಕತ್ತಲಿರುವಾಗಲೇ ಕಸಬರಿಗೆ ಸದ್ದು, ನೀರು ಚಿಮುಕಿಸುವ ಸದ್ದು. ನಾನು ಏಳುವಷ್ಟರಲ್ಲಿ ಎಲ್ಲರ ಮನೆ ಮುಂದೆ ಬಿಳಿ ಕೋಲಂ, ಅಂದರೆ ನಮ್ಮ ರಂಗೋಲಿ. ನನ್ನ ಮನೆ ಮುಂದೆ ಬೇವಿನೆಲೆ, ಬೀಡಿ ತುಂಡು. ಮತ್ತೆ ಕಾಮಕ್ಕನ ಕೂಗು: "ಬಾಗ್ಲು ಕೂಟ್ಟಪ್ಪಾ!"

ಕೂಟ್ಟು ಎಂದರೆ ಕೂಡಿಸು ತಾನೆ? ನಾನು ಎರಡೂ ಕದ ಕೂಡಿಸಿ, ಬೀಗ ಜಡಿದು, ಅವರೆದುರೇ ಎಳೆದು ತೋರಿಸಿ ತೋಟಕ್ಕೆ ಹೋಗುತ್ತಿದ್ದೆ. ಬಾಗಿಲು ಹಾಕಲಿಕ್ಕೂ ಬಾರದವನೆಂದು ತಿಳಿದರೇ ಈ ಅಮ್ಮ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹೆಂಡತಿ ಶಾಂತವ್ವನನ್ನು ಕರೆತರಲೆಂದೇ ಆ ಮನೆ ಹಿಡಿದಿದ್ದೆ. ತೋಟದ ಶೆಡ್ಡಿನಲ್ಲಿ ನಾನು ಮಲಗಿಯೇನು, ಅವಳನ್ನು ಮಲಗಿಸಲಾರೆ. ಇನ್ನೇನು ಊರಿಗೆ ಹೋಗಬೇಕು ಎನ್ನುವಾಗ ಕಾಮಕ್ಕ ಅಡ್ಡ ನಿಂತರು.

"ಬೇರೆ ಮನೆ ನೋಡ್ಕೋಪ್ಪಾ. ಕೋಲಂ ಇಲ್ದ ಬಾಗ್ಲು ಸಾವಿನ ಮನೆ ಬಾಗ್ಲು. ಯಾರು ಸತ್ತದ್ದು ಅಂತ ಬೀದೀಲಿ ಕೇಳ್ತಾರೆ. ಹೇಳಿ ಹೇಳಿ ನನ್ ಗಂಟ್ಲು ಹೋಯ್ತು, ನೀನು ನನ್ ಮುಖಕ್ಕೇ ಕದ ಬಡಿತೀಯ!"

"ನೀವೇ ಹೇಳಿದ್ರಲ್ರೀ ಯವ್ವಾ, ಬಾಗಲಾ ಕೂಡಸು ಅಂತ! ದಿನಾ ಕೂಡಸೇನಿ, ಮ್ಯಾಲ ಕೀಲಿ ಬ್ಯಾರೆ ಹಾಕೇನಿ."

ಕಾಮಕ್ಕ ದಡಬಡ ಒಳಗೆ ಹೋದರು. ಮೂಲೆಯ ಕಸಬರಿಗೆ ತಂದು ನನ್ನ ಕಾಲ ಬಳಿ ಪರಪರ ಎಳೆದರು. "ಇದು! ಇದು ಕೂಟ್ಟೋದು! ಅಯ್ಯೋ ಮುರುಗಾ, ಕನ್ನಡದೋನಂತೆ ಕನ್ನಡದೋನು!"

ತಮಿಳಿನಲ್ಲಿ ಕೂಟ್ಟು ಎಂದರೆ ಗುಡಿಸು. ಯಾವ ಕಾಲದಲ್ಲೋ ಅವರ ಕನ್ನಡಕ್ಕೆ ಬಂದು ಮನೆ ಮಾಡಿದ ಮಾತು. ಕಾಮಕ್ಕ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತರು, ಕಣ್ಣೊರೆಸಿಕೊಂಡು ಚೊಂಬು ಚಾಚಿದರು: "ಕೂಟ್ಟಿ ತಳಿ ಹಾಕು."

ತಳಿ! ಅಂಗಳಕ್ಕೆ ನೀರು ಚಿಮುಕಿಸುವುದಕ್ಕೆ ನಮ್ಮವ್ವ ಆಡುತ್ತಿದ್ದ ಮಾತು. ಅವಳು ಹೋದ ಮೇಲೆ ನಮ್ಮ ಮನೆಯಲ್ಲೇ ಅದನ್ನು ಕೇಳಿರಲಿಲ್ಲ. ಚೊಂಬು ಇಸಿದುಕೊಂಡೆ.

ಗಂಡಸು ಬೀದಿಗೆ ನಿಂತು ಕಸ ಹೊಡೆಯುವುದು ನಮ್ಮ ಮನೆತನದಲ್ಲಿಲ್ಲ. ಹೊಡೆದೆ. ಕೋಲಂ ಮಾತ್ರ ಕಾಮಕ್ಕನೇ ಎಳೆದರು. ಎದುರಿನ ಟೀ ಅಂಗಡಿಯವನು, "ಗೌಡ್ರೇ, ನೀವು ಕೋಲಂ ಹಾಕೋದು ಯಾವಾಗ?" ಎಂದು ಅವರದೇ ಕನ್ನಡದಲ್ಲಿ ಕೆಣಕಿದ. "ಹಾಕಾಕಿ ಬರಾಕತ್ತಾಳ" ಎಂದೆ. ಮನೆ ಉಳಿಯಿತು. ದಿನ ಕಳೆದಂತೆ, ಬಾಗಿಲ ಮುಂದೆ ನೆಲ ಒದ್ದೆಯಾಗದೆ ಕತ್ತರಿಯೂ ಕೈಗೆ ಹತ್ತದಂತಾಯಿತು.

ಕಳೆದ ವಾರ ಊರಿಗೆ ಹೋದೆ. ಶಾಂತವ್ವ ಆಗಲೇ ಗಂಟು ಕಟ್ಟಿಟ್ಟಿದ್ದಳು. ಮರುದಿನ ಕತ್ತಲಲ್ಲೇ ಎಚ್ಚರವಾಗಿ ಹೊರಗೆ ಬಂದೆ. ಓಣಿಗೆ ಓಣಿಯೇ ಮಲಗಿತ್ತು. ಅಂಗಳದಲ್ಲಿ ಆಡಿನ ಹಿಕ್ಕೆ, ಒಣಗಿದ ಎಲೆ. ಹಿಂದೆಯೂ ಹೀಗೇ ಇತ್ತೇ, ನನಗೇ ಕಂಡಿರಲಿಲ್ಲವೇ? ಕೈ ಸುಮ್ಮನಿರಲಿಲ್ಲ. ಕಸಬರಿಗೆ ಹುಡುಕಿದೆ, ಸಿಗಲಿಲ್ಲ. ಅಲ್ಲಿಂದಲೇ ಕೂಗಿದೆ: "ಏ ಶಾಂತಾ, ಬಾಗಲಾ ಕೂಟ್ಟ!"

ಅವಳು ನಿದ್ದೆಗಣ್ಣಲ್ಲಿ ಎದ್ದು ಬಂದಳು. "ಇಷ್ಟ್ ನಸುಕಿನ್ಯಾಗ ಎಲ್ಲಿಗೆ ಹೊಂಟ್ರೋ ಏನೋ" ಎನ್ನುತ್ತ ಎರಡೂ ಕದ ಕೂಡಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ನಾನು ಅಂಗಳದಲ್ಲಿದ್ದೆ.