ದವಡೆಯ ಕೆಳಗೆ ಎರಡು ಬೆರಳು

ನಮ್ಮ ಬೀಗರು ವೀರಣ್ಣ ಯಾರಿಗೂ ಕೈ ಮುಗಿದವರಲ್ಲ. ಎದುರಿಗೆ ಬಂದವರ ದವಡೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿ, "ಏನಿಲ್ಲ, ಹೋಗ್ರಿ" ಎನ್ನುತ್ತಿದ್ದರು. ಕಂಪ್ಲಿಯಲ್ಲಿ ನನ್ನ ಮಗಳ ನಿಶ್ಚಿತಾರ್ಥದ ದಿನ ರೈಸ್‌ಮಿಲ್ ಸಾಹುಕಾರರಿಗೂ ಹಾಗೇ ಮಾಡಿದರು. ಸಾಹುಕಾರರು ಉಣ್ಣದೆ ಎದ್ದುಹೋದರು.

ವೀರಣ್ಣ ಹೊಸಪೇಟೆಯ ಒಂದು ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದರು. ಇಲಿಯ ದವಡೆಯ ಕೆಳಗಿನ ಜೊಲ್ಲಿನ ಗ್ರಂಥಿಗೆ ಕ್ಯಾನ್ಸರ್ ತರುವ ರಾಸಾಯನಿಕ ಚುಚ್ಚಿ, ಗಂಟು ಬರುವುದನ್ನು ಕಾಯುವುದು ಅಲ್ಲಿಯ ಕೆಲಸ. ಚುಚ್ಚುವವರು, ಬರೆಯುವವರು, ಬರೆದದ್ದನ್ನು ಪರದೇಶದಲ್ಲಿ ಓದಿ ಶಾಲು ಹೊದೆಸಿಕೊಂಡು ಬರುವವರು ಬೇರೆ. ಗಂಟು ಹುಡುಕುವ ಬೆರಳು ಮಾತ್ರ ಇವರದು. ಹೋಲಿಕೆಗೆಂದು ಬರೀ ಎಣ್ಣೆ ಚುಚ್ಚಿಸಿಕೊಂಡು, ಉಂಡು ಮಲಗುವ ಇಲಿಗಳಿಗೆ ಅವರಿಟ್ಟ ಹೆಸರು 'ಬೀಗರು'. ನನ್ನೆದುರೇ ಹೇಳಿ ನಗುತ್ತಿದ್ದರು.

ಬರಿಗೈಲಿ ಆ ರಾಸಾಯನಿಕದ ಸೀಸೆ ಹಿಡಿದ ವಿದ್ಯಾರ್ಥಿಗೆ ಬೈಗುಳ ತಪ್ಪುತ್ತಿರಲಿಲ್ಲ: "ಗ್ಲೌಸ್ ಹಾಕ್ಕೊಳ್ಳಲೇ! ಇಲಿಗಾದ್ರ ನಂಬರ್ ಐತಿ. ನಿನ್ನ ಪಂಜರದ ಮ್ಯಾಲೆ ಏನಂತ ಬರೀಲಿ?" ಗಂಟು ನೋಡುವಾಗ ಮಾತ್ರ ತಾವೇ ಗ್ಲೌಸ್ ಕಳಚುತ್ತಿದ್ದರು. "ರಬ್ಬರಿನಾಗ ಗಂಟು ತಿಳಿಯಂಗಿಲ್ರಿ." ಪ್ರಯೋಗಾಲಯದ ದೊಡ್ಡ ಡಾಕ್ಟರು ನೋಡಿಯೂ ನೋಡದಂತೆ ಹೋಗುತ್ತಿದ್ದರಂತೆ. ಅವರ ಬರವಣಿಗೆಗೆ ಆ ಬರಿಬೆರಳು ಬೇಕಿತ್ತು.

ಒಂದು ಯುಗಾದಿಯಂದು ಆ ಬೆರಳು ನನ್ನ ದವಡೆಯ ಕೆಳಗೆ ನಿಂತುಬಿಟ್ಟಿತು.

"ಬೀಗರೇ, ಕಡ್ಲಿಕಾಳಷ್ಟು ಐತಿ. ನಡೀರಿ ಆಸ್ಪತ್ರಿಗೆ."

"ಹಬ್ಬ ಮುಗೀಲಿ ಬಿಡ್ರಿ."

"ಹಬ್ಬ ನಿಮಗ, ಅದಕ್ಕಲ್ಲ. ಚಪ್ಪಲಿ ಹಾಕ್ಕೋರಿ."

ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಗಂಟು ತೆಗೆದರು, ನಾನು ಉಳಿದೆ.

ಹೋದ ಬೇಸಿಗೆಯಲ್ಲಿ ವೀರಣ್ಣ ಕೊರಳಿಗೆ ಟವೆಲು ಸುತ್ತಿಕೊಂಡು ತಿರುಗತೊಡಗಿದರು. ಹೊಸಪೇಟೆಯ ಆ ಬಿಸಿಲಿನಲ್ಲಿ! ಎಲ್ಲರೂ ನಕ್ಕೆವು. "ಏನ್ರಿ, ಮತ್ತೊಮ್ಮೆ ಮದಿಮಗ ಆಗೀರೇನು?" ಎಂದವನು ನಾನೇ. ಅವರೂ ನಕ್ಕು, ಟವೆಲನ್ನು ಇನ್ನೊಂದು ಸುತ್ತು ಬಿಗಿದುಕೊಂಡರು.

ಟವೆಲು ಬಿಚ್ಚಿದ್ದು ಆಸ್ಪತ್ರೆಯವರು. ಆಗಲೇ ತಡವಾಗಿತ್ತು. ಕೊನೆಯ ಸಲ ನೋಡಲು ಹೋದಾಗ ಸಿಟ್ಟಿನಿಂದಲೇ ಕೇಳಿದೆ: "ನನ್ನ ಊಟದಾಗ ಎಬ್ಬಿಸಿ ಎಳ್ಕೊಂಡು ಹೋದ್ರಿ. ನಿಮ್ಮದ್ಯಾಕ ಮುಚ್ಚಿಟ್ರಿ?"

"ಗಂಟು ಬಂದ ಇಲೀನ ಅಳತಿ ತಗೊಂಡು ಏನ್ ಮಾಡ್ತಾರಂತ ನೋಡೀನ್ರಿ," ಎಂದರು. ಆಮೇಲೆ ನಕ್ಕರು: "ನಂಗೂ ಹಬ್ಬ ಮುಗೀಲಿ ಅನ್ನಿಸ್ತು, ಬೀಗರೇ."

ಮಣ್ಣು ಮಾಡುವ ದಿನ ಪ್ರಯೋಗಾಲಯದವರು ದೊಡ್ಡ ಹಾರ ತಂದರು. ಆ ರಾಸಾಯನಿಕಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು, ಯಾರೂ ಕೇಳದಿದ್ದರೂ, ಮೂರು ಸಲ ಹೇಳಿದರು.

ವಿಭೂತಿ ಹಚ್ಚುವಾಗ ನನ್ನ ಬೆರಳು ಅವರ ದವಡೆಯ ಕೆಳಗೆ ಹೋಯಿತು. ಇಷ್ಟು ವರ್ಷದಲ್ಲಿ ಅದೇ ಮೊದಲು. ಹುಡುಕಬೇಕಾಗಲಿಲ್ಲ.