ಗೌಡರ ಬೆಲ್ಲ ಯಾರ ಹಣ್ಣು?

‘ಬಾಯೋರ, ನೀವು ಬರದದ್ದು ಸುಳ್ಳೈತಿ. ಪುರಸತ್ತಾದಾಗ ಬಂದು ಹೋಗ್ರಿ.’

ಪೋಸ್ಟ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಕೆಳಗೆ ಹೆಸರು: ಯಲ್ಲವ್ವ, ತಂಬೂರ.

ಓದುಗರ ಬೈಗುಳ ನನಗೆ ಹೊಸದಲ್ಲ. (ಕುಂದಗೋಳದ ಹೈಸ್ಕೂಲಿನಲ್ಲಿ ಇಷ್ಟು ವರ್ಷ ವ್ಯಾಕರಣ ಕಲಿಸಿದವಳಿಗೆ ಯಾವ ಬೈಗುಳ ತಾನೇ ಹೊಸದು?) ಆದರೆ ‘ಚೆನ್ನಾಗಿಲ್ಲ’ ಎನ್ನುವುದು ಬೇರೆ, ‘ಸುಳ್ಳು’ ಎನ್ನುವುದು ಬೇರೆ. ಎರಡು ದಿನ ಊಟ ರುಚಿಸಲಿಲ್ಲ.

ಯಾವ ಬರಹ ಎಂದು ಊಹಿಸುವುದೇನೂ ಕಷ್ಟವಿರಲಿಲ್ಲ. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ನಮ್ಮ ಮನೆತನದ ಮಾವಿನ ಬಗ್ಗೆ ಕೊಚ್ಚಿಕೊಂಡಿದ್ದೆ, ನಿಮಗೆ ನೆನಪಿರಬಹುದು. ‘ಗೌಡರ ಬೆಲ್ಲ’ ಅಂತ ಅದರ ಹೆಸರು. ಅಂಗೈಯಲ್ಲಿ ಕೂರುವಂಥ ದುಂಡು ಹಣ್ಣು. ಹಣ್ಣಾದರೂ ಸಿಪ್ಪೆ ಹಸಿರು. ತಿಂದು ಎಷ್ಟೋ ಹೊತ್ತಿನ ತನಕ ಹಳೆಯ ಬೆಲ್ಲದ ರುಚಿ ನಾಲಿಗೆಯ ಮೇಲೆ ನಿಲ್ಲುತ್ತದೆ. ನಮ್ಮಜ್ಜ ಅದರ ಕಸಿಯನ್ನು ಗೋವಾದಿಂದ ತಂದು ಬೆಳೆಸಿದರು ಎಂದು ಬರೆದಿದ್ದೆ. ನನಗೆ ಹಾಗೆ ಹೇಳಿದವರು ಯಾರು? ಈಗ ತೋಟ ನೋಡಿಕೊಳ್ಳುವ ನೀಲಕಂಠ ಕಾಕಾ, ನಮ್ಮಪ್ಪನ ತಮ್ಮ. ಅವರ ಮಾತನ್ನು ನಂಬದೆ ಯಾರ ಮಾತನ್ನು ನಂಬಲಿ?

ಭಾನುವಾರ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಕಲಘಟಗಿ ದಾಟಿ, ಛತ್ರಿ ಹಿಡಿದುಕೊಂಡು ತಂಬೂರಿನಲ್ಲಿ ಇಳಿದೆ.

ಯಲ್ಲವ್ವನಿಗೆ ಎಪ್ಪತ್ತು ದಾಟಿದೆ. ಕುರಿ ಕಾಯುವ ಮನೆತನ. ಈಗ ಕುರಿ ಕಡಿಮೆ, ಹೊಲದ ಕೆಲಸ ಹೆಚ್ಚು. ಪತ್ರಿಕೆಯನ್ನು ಸೊಸೆ ಶಾಂತಾ ಓದಿ ಹೇಳುತ್ತಾಳೆ. ಕಾರ್ಡು ಬರೆದವಳೂ ಅವಳೇ. (ಅತ್ತೆ ಹೇಳಿದ್ದನ್ನು ಬಹಳಷ್ಟು ಮೆತ್ತಗೆ ಮಾಡಿಯೇ ಬರೆದಳಂತೆ!)

‘ಗೋವಾನೂ ಇಲ್ಲ, ಗೀವಾನೂ ಇಲ್ರಿ,’ ಎಂದು ಯಲ್ಲವ್ವ ಶುರು ಮಾಡಿದಳು. ‘ನಾ ಆಗಷ್ಟ ಗಂಡನ ಮನಿಗೆ ಬಂದಿದ್ದೆ. ಕುರಿ ಹೊಡಕೊಂಡು ಘಟ್ಟದ ಕಡೆ ಹೋಗಿದ್ವಿ. ಬರೋವಾಗ ಅಡವ್ಯಾಗ ಒಂದು ಹಣ್ಣು ಸಿಕ್ತು. ಉಡಿಯಾಗ ಇಟ್ಕೊಂಡು ಬಂದೆ. ಕುರಿ ಹಟ್ಟಿ ಬಾಜು ಕೂತು ತಿಂದು, ಬೀಜ ಗೊಬ್ಬರದಾಗ ಒಗದೆ.’

‘ಅಂದರೆ ನೀವೇ ನೆಟ್ಟಿದ್ದು,’ ಎಂದೆ.

‘ನಾ ಎಲ್ಲಿ ಹಚ್ಚಿದೆ? ತನ್ನಷ್ಟಕ್ಕ ತಾನ ಹುಟ್ತು. ನಮ್ಮತ್ತಿ ಕಿತ್ತೊಗಿ ಅಂದ್ಲು. ನಾ ಕೀಳಲಿಲ್ಲ. ನಾ ಮಾಡಿದ್ದು ಅಷ್ಟ ನೋಡ್ರಿ.’

ಈ ‘ಅಷ್ಟ’ ಎನ್ನುವುದು ಎಷ್ಟು ದೊಡ್ಡದು ಎಂದು ಯೋಚಿಸಿ. ಹುಬ್ಬಳ್ಳಿ ಮಾರ್ಕೆಟ್ಟಿಗೆ ದೂರದಿಂದ ಬರುವ ಸೇಬು ಇದೆಯಲ್ಲ, ಅದರ ಕತೆಯೂ ಇದೇ, ಮಾವಿನ ಕತೆಯೂ ಇದೇ. ಒಳ್ಳೆಯ ಹಣ್ಣಿನ ಬೀಜ ಹಾಕಿದರೆ ಒಳ್ಳೆಯ ಹಣ್ಣೇ ಬಂದೀತು ಎಂಬ ಗ್ಯಾರಂಟಿ ಇಲ್ಲ. ಎಲ್ಲೋ ಒಂದು ಬೇಲಿಯಲ್ಲಿ, ಎಲ್ಲೋ ಒಂದು ತಿಪ್ಪೆಯಲ್ಲಿ, ಯಾರೂ ಕಾಯದ ಒಂದು ಸಸಿ ಹಾಗೆ ರುಚಿಯಾಗಿ ಹುಟ್ಟಿಬಿಡುತ್ತದೆ. ಅದನ್ನು ಯಾರೋ ಒಬ್ಬರು ಕೀಳದೆ ಬಿಡಬೇಕು. ಆಮೇಲೆ ಕಸಿ ಕಟ್ಟುವವರು ಬರುತ್ತಾರೆ, ಹೆಸರಿಡುವವರು ಬರುತ್ತಾರೆ.

ಇಲ್ಲಿ ಬಂದವರು ನಮ್ಮಜ್ಜ.

‘ಕುದುರಿ ಮ್ಯಾಲೆ ಬಂದ್ರು. ಒಂದು ಹಣ್ಣು ತಿಂದ್ರು. ಮಾತಾಡಲಿಲ್ಲ, ಮತ್ತೊಂದು ತಿಂದ್ರು,’ ಯಲ್ಲವ್ವ ನಕ್ಕಳು. ‘ಮುಂದ ಗಡಿಗಿಯೊಳಗ ಸಸಿ ತರಿಸಿ ಗಿಡದ ಕೊಂಬಿಗೆ ಕಟ್ಟಿಸಿದ್ರು. ಸಸಿ, ಕೊಂಬಿ ಎರಡೂ ಬೆಸಿಯೋ ತನಕಾ ಗಡಿಗಿಗೆ ನೀರು ಹಾಕಬೇಕಲ್ರಿ? ನಿಚ್ಚಣಿಕಿ ಏರಿ ದಿನಾ ಹಾಕಿದಾಕಿ ನಾನ. ಬಸರಿ ಇದ್ದೆ ಆವಾಗ.’

ನಮ್ಮ ಮನೆಯ ಒಂದು ಕತೆಯಲ್ಲೂ ಆ ನಿಚ್ಚಣಿಕೆ ಇಲ್ಲ.

ಹಟ್ಟಿಯ ಬದಿಯ ಆ ಮೂಲ ಮರ ಹನ್ನೊಂದು ವರ್ಷದ ಹಿಂದೆ ಬಿರುಗಾಳಿಗೆ ಬಿತ್ತು. ಈಗ ಆ ತಳಿ ಉಳಿದಿರುವುದು ನಮ್ಮ ತೋಟದಲ್ಲಿ ಮಾತ್ರ. ಯಲ್ಲವ್ವ ಒಂದು ಸಸಿ ಕೇಳಲು ಹೋಗಿದ್ದಳಂತೆ. ಹೊರಗಿನವರಿಗೆ ಕೊಡುವುದಿಲ್ಲ ಎಂದು ಕಾಕಾ ಕಳಿಸಿದರಂತೆ.

‘ಹಣ್ಣು ಬುಟ್ಟಿ ಬುಟ್ಟಿ ಹುಬ್ಬಳ್ಳಿಗೆ ಹೋಗ್ತಾವ. ನಮ್ಮೂರಾಗ ಒಂದೂ ಇಳಿಯಂಗಿಲ್ಲ. ಹನ್ನೊಂದು ವರ್ಷ ಆತ್ರಿ, ಆ ಹಣ್ಣು ಬಾಯಾಗ ಬಿದ್ದಿಲ್ಲ.’

ನನಗೆ ತಲೆ ಎತ್ತಲಾಗಲಿಲ್ಲ. ‘ತಿದ್ದಿ ಬರೀತೇನೆ. ನಿಮ್ಮ ಹೆಸರು ಹಾಕಿಯೇ ಬರೀತೇನೆ,’ ಎಂದೆ.

‘ಹೆಸರು ತಗೊಂಡು ನೆಕ್ಕಲೇನ್ರಿ? ಒಂದು ಕಸಿ ಕೊಡಸ್ರಿ.’

ಅಲ್ಲಿಂದ ಊರಾಚೆಗಿರುವ ನಮ್ಮ ತೋಟದ ಮನೆಗೆ ನಡೆದೇ ಹೋದೆ. ಕಾಕಾ ಚಹಾ ಕುಡಿಯುತ್ತ ಕೂತಿದ್ದರು. ಸುತ್ತು ಬಳಸದೆ ಕೇಳಿದೆ.

‘ಯಲ್ಲವ್ವನ ಸುದ್ದಿ ನಿಮಗ ಗೊತ್ತಿತ್ತೇನು ಕಾಕಾ?’

‘ಗೊತ್ತಿತ್ತು.’

‘ಮತ್ತ ಗೋವಾ?’

‘ಅಪ್ಪ ಹಂಗ ಹೇಳ್ತಿದ್ದ, ನಾನೂ ಹೇಳಿದೆ. ಕುರಿ ಹಟ್ಟಿ ಹಣ್ಣು ಅಂದ್ರ ಪ್ಯಾಟ್ಯಾಗ ಯಾರು ಮುಟ್ಟತಾರ?’

‘ಆಕಿಗೆ ಒಂದು ಕಸಿ ಕೊಡೂಣು.’

‘ಕಸಿ ಹೊರಗ ಕೊಡಬ್ಯಾಡ ಅಂತ ಅಪ್ಪ ಸಾಯೋವಾಗ ಮಾತು ತಗೊಂಡಾನ. ಬ್ಯಾರೆ ಏನರ ಕೇಳವಾ.’

ಅವರ ದನಿಯಲ್ಲಿ ಸೊಕ್ಕಿರಲಿಲ್ಲ. ಅಪ್ಪನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದ ಮನುಷ್ಯ ಅವರು. ಅದೇ ನನಗೆ ಹೆಚ್ಚು ಕಷ್ಟವಾಯಿತು. ಸೊಕ್ಕಿನ ಜೊತೆ ಜಗಳವಾಡಬಹುದು. ಇದರ ಜೊತೆ ಏನು ಆಡುವುದು?

ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಕಾಕಾ ಹೊಲಕ್ಕೆ ಹೋದರು. ನಾನು ಶಾಲೆಗೆ ರಜೆ ಹಾಕಿ (ಮುಖ್ಯೋಪಾಧ್ಯಾಯರು ಕ್ಷಮಿಸಬೇಕು), ಚಾಕು ಹಿಡಿದು ತೋಟಕ್ಕೆ ಹೋದೆ. ಎಲ್ಲಕ್ಕಿಂತ ಹಳೆಯ ಮರದಿಂದ ಐದು ಕಡ್ಡಿ ಕುಯ್ದೆ. ತಿರುಗಿ ನೋಡಿದರೆ ಕಾಕಾನ ಹೆಂಡತಿ, ನಮ್ಮ ಕಾಕು, ನಿಂತಿದ್ದಾರೆ! ಈ ವಯಸ್ಸಿನಲ್ಲಿ, ಅದೂ ಸ್ವಂತ ಮನೆಯಲ್ಲಿ ಕಳ್ಳಿ!

ಕಾಕು ಒಳಗೆ ಹೋಗಿ ಒಂದು ಹಳೆಯ ಅರಿವೆ ಒದ್ದೆ ಮಾಡಿಕೊಂಡು ಬಂದರು.

‘ಇದರಾಗ ಸುತ್ತಿ ಒಯ್ಯಿ. ಹಂಗ ಒಯ್ದರ ಹಾದ್ಯಾಗ ಒಣಗತಾವ.’

ಯಲ್ಲವ್ವನ ಹಿತ್ತಲಲ್ಲಿ ನಾಟಿ ಮಾವಿನ ಸಸಿಗಳಿದ್ದವು. ನಾನೇ ಕೂತು ಸೀಳಿ, ಕಡ್ಡಿ ಸೇರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಐದೂ ಕಸಿ ಕಟ್ಟಿದೆ. ಈ ವಿದ್ಯೆಯನ್ನು ಚಿಕ್ಕಂದಿನಲ್ಲಿ ನನಗೆ ಕಲಿಸಿದವರು ಯಾರು ಗೊತ್ತೇ? ಕಾಕಾನೇ. ನಾನು ಕಟ್ಟುತ್ತಿದ್ದಷ್ಟು ಹೊತ್ತೂ ಯಲ್ಲವ್ವ ಮಳೆಯಲ್ಲಿ ಛತ್ರಿ ಹಿಡಿದು ನಿಂತಿದ್ದಳು. ನನ್ನ ತಲೆಯ ಮೇಲಲ್ಲ, ಕಡ್ಡಿಗಳ ಮೇಲೆ.

ನಾಲ್ಕು ಒಣಗಿದವು. ಐದನೆಯದು ಚಿಗುರಿತು. ಕಳೆದ ವಾರ ನೋಡಿಬಂದೆ. ತಾಮ್ರದ ಬಣ್ಣದ ನಾಲ್ಕು ಎಲೆ. ಆಡು ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿ, ಅದರ ಪಕ್ಕದಲ್ಲೇ ಯಲ್ಲವ್ವ ಜೋಳ ಹಸನು ಮಾಡುತ್ತ ಕೂರುತ್ತಾಳೆ.

ಕಾಕಾ? ಕಾಕುವಿನಿಂದಲೋ, ಮರದ ಮೇಲಿನ ಗಾಯದಿಂದಲೋ, ಅವರಿಗೆ ತಿಳಿದೇ ತಿಳಿಯಿತು. ತಿಂಗಳುಗಟ್ಟಲೆ ಮಾತಿಲ್ಲ. ಮೊನ್ನೆ ಕುಂದಗೋಳಕ್ಕೆ ಬಂದವರು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ಕೊಟ್ಟ ನೀರು ಕುಡಿದು ತಂಬಿಗೆ ಕೆಳಗಿಟ್ಟರು.

‘ಕಸಿ ಎಷ್ಟು ಹತ್ಯಾವ?’

‘ಒಂದ.’

‘ಮೂರು ವರ್ಷ ಹೂವು ಬಿಟ್ರ ಚಿವುಟಿ ಹಾಕಂತ ಹೇಳು ಆಕಿಗೆ. ಹಂಗ ಬಿಟ್ರ ಗಿಡ ಸೊರಗತೈತಿ.’ ಅಷ್ಟು ಹೇಳಿ ಸ್ಟೇಷನ್ ಕಡೆ ನಡೆದೇಬಿಟ್ಟರು.

ಗಿಡದ ಮಟ್ಟಿಗೆ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಎಪ್ಪತ್ತು ದಾಟಿದವಳ ಮುಂದೆ ನಿಂತು ‘ಇನ್ನೂ ಮೂರು ವರ್ಷ ಕಾಯಿರಿ’ ಎಂದು ಯಾವ ಬಾಯಿಂದ ಹೇಳಲಿ?